ದೊಡ್ಡ ಅಕ್ಷರದ ಸತ್ಯವೇದ: ಒಂದು ಮಳೆಗಾಲ ಓದಿದ ಮೇಲೆ

ಪೊರೆ ತೆಗೆಸಿದ ಮೇಲೂ ಅಮ್ಮನಿಗೆ ಸಣ್ಣ ಅಕ್ಷರ ಓದಲು ಆಗುತ್ತಿರಲಿಲ್ಲ. ಮೇ ತಿಂಗಳಲ್ಲಿ ಮಡಿಕೇರಿಗೆ ಹೋದಾಗ ದೊಡ್ಡ ಅಕ್ಷರದ ಕನ್ನಡ ಸತ್ಯವೇದ, ಅಂದರೆ ಬೈಬಲ್, ತಂದುಕೊಟ್ಟೆ. ಹಳೆಯ ತರ್ಜುಮೆಯದು. ಅಮ್ಮನಿಗೆ ಬಾಯಿಪಾಠ ಇರುವುದು ಅದೇ.

ತೂಕ ಜಾಸ್ತಿ. ತೊಡೆಯ ಮೇಲೆ ದಿಂಬು ಇಟ್ಟುಕೊಂಡೇ ಓದಬೇಕು. ಕಾಗದ ತೆಳ್ಳಗಿದೆ, ಹಿಂದಿನ ಪುಟದ ಅಕ್ಷರ ಈಚೆ ಮಸುಕಾಗಿ ಕಾಣುತ್ತದೆ. ನಮ್ಮ ಸಿದ್ದಾಪುರದ ಜುಲೈ ಮಳೆಗೆ ರಟ್ಟಿನ ಒಳಗೆ ಬೂಷ್ಟು ಬಂತು. ಒರೆಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಒಲೆ ಮೇಲಿನ ಅಟ್ಟದಲ್ಲಿಟ್ಟೆವು. ಹೊಲಿಗೆ ಮಾತ್ರ ಗಟ್ಟಿ, ಒಂದು ಹಾಳೆಯೂ ಬಿಟ್ಟಿಲ್ಲ.

ಆದರೆ ನಾನು ಇದನ್ನು ಬರೆಯಲು ಕೂತಿದ್ದು ಬೇರೆ ಕಾರಣಕ್ಕೆ. ಅಮ್ಮ ಶುಕ್ರವಾರದ ಉಪವಾಸ ಪ್ರಾರ್ಥನೆಗೆ ಹೋಗುತ್ತಾರೆ. ಅಲ್ಲಿ ಸುಮಾರು ಜನ ಅನ್ಯಭಾಷೆಯಲ್ಲಿ, ಅಂದರೆ ಪವಿತ್ರಾತ್ಮನ ವರವಾಗಿ ಬರುತ್ತದೆ ಎಂದು ನಂಬುವ, ಕಲಿಯದ ಮಾತಿನಲ್ಲಿ ಪ್ರಾರ್ಥಿಸುತ್ತಾರೆ. ಅಮ್ಮನಿಗೆ ಅದು ಯಾವತ್ತೂ ಬಂದಿಲ್ಲ. ಅನ್ಯಭಾಷೆ ಬರದಿದ್ದರೆ ಪವಿತ್ರಾತ್ಮ ಇನ್ನೂ ಇಳಿದಿಲ್ಲ ಎಂದು ಯಾರೋ ಹಿರಿಯರು ಒಮ್ಮೆ ಅಂದಿದ್ದರು. ಅದು ಎಷ್ಟೋ ವರ್ಷ ಅವರ ಎದೆಯಲ್ಲಿ ಮುಳ್ಳಾಗಿತ್ತು.

ಆಗಸ್ಟ್‌ನಲ್ಲಿ ಒಂದು ರಾತ್ರಿ ಕರೆಂಟ್ ಇರಲಿಲ್ಲ. ಎಮರ್ಜೆನ್ಸಿ ಲೈಟ್ ಹತ್ತಿರ ಎಳೆದುಕೊಂಡು ಅಮ್ಮ ಕೊರಿಂಥದವರಿಗೆ ಬರೆದ ಮೊದಲ ಪತ್ರ ಓದುತ್ತಿದ್ದರು. 12ನೇ ಅಧ್ಯಾಯದ 30ನೇ ವಚನಕ್ಕೆ ಬೆರಳು ನಿಂತಿತು. ಎಲ್ಲರೂ ವಾಣಿಗಳನ್ನಾಡುತ್ತಾರೋ ಎಂದು, ಆ ಪತ್ರ ಬರೆದ ಅಪೊಸ್ತಲ ಪೌಲ ಕೇಳುವ ಜಾಗ ಅದು. ನಾವು ಅನ್ಯಭಾಷೆ ಅನ್ನುವುದಕ್ಕೆ ಅಲ್ಲಿ ವಾಣಿ ಅಂತಿದೆ. ಬೆರಳು ಹಿಂದೆ ಹೋಯಿತು, ಮತ್ತೆ ಅಲ್ಲಿಗೇ ಬಂತು. "ನೋಡು ಮಗಳೇ, ಎಲ್ಲರಿಗೂ ಇಲ್ಲ ಅಂತ ಪೌಲನೇ ಹೇಳಿದ್ದಾನಲ್ಲ," ಅಂದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

ಆಮೇಲೆ 14ನೇ ಅಧ್ಯಾಯವನ್ನು ಇಬ್ಬರೂ ಕೂತು ಓದಿದೆವು. ಪೌಲ ಅಲ್ಲಿ ಹೇಳುವುದು ಇದು: ಇಬ್ಬರು, ಹೆಚ್ಚೆಂದರೆ ಮೂವರು ಒಬ್ಬರಾದ ಮೇಲೆ ಒಬ್ಬರು ವಾಣಿ ಆಡಲಿ, ಒಬ್ಬನು ಅರ್ಥ ಹೇಳಲಿ. ಅರ್ಥ ಹೇಳುವವರಿಲ್ಲದಿದ್ದರೆ ಸಭೆಯಲ್ಲಿ ಸುಮ್ಮನಿರಲಿ. ಸಭೆಯಲ್ಲಿ ವಾಣಿಯ ಹತ್ತು ಸಾವಿರ ಮಾತುಗಳಿಗಿಂತ ತಿಳಿಯುವ ಐದು ಮಾತು ಮೇಲು. ಹಾಗಂತ ಪೌಲ ಅದನ್ನು ಬೇಡ ಅನ್ನುವುದಿಲ್ಲ. ತಾನೇ ಎಲ್ಲರಿಗಿಂತ ಹೆಚ್ಚಾಗಿ ಆಡುತ್ತೇನೆ ಅನ್ನುತ್ತಾನೆ, ಅಡ್ಡಿ ಮಾಡಬೇಡಿ ಅಂತಲೂ ಅನ್ನುತ್ತಾನೆ. ನನಗೂ ಆ ವರದ ಬಗ್ಗೆ ಗೌರವವಿದೆ. ಪುಣೆ ಹತ್ತಿರ ಪಂಡಿತಾ ರಮಾಬಾಯಿಯವರು ನಡೆಸುತ್ತಿದ್ದ ಮುಕ್ತಿ ಮಿಷನ್ ಎಂಬ ಆಶ್ರಮದಲ್ಲಿ 1905ರಲ್ಲಿ ಶುರುವಾಗಿ, ಅನ್ಯಭಾಷೆಯೂ ಕೇಳಿಬಂದ ಉಜ್ಜೀವನದ, ಅಂದರೆ ಭಕ್ತಿಯ ಹೊಸ ಜಾಗೃತಿಯ, ಕಥೆ ಕೇಳಿ ಬೆಳೆದವಳು ನಾನು.

ಈ ತರ್ಜುಮೆಯಲ್ಲಿ ಇನ್ನೊಂದು ಚೆಂದ ಕಂಡೆ. ಅಪೊಸ್ತಲರ ಕೃತ್ಯಗಳ 2ನೇ ಅಧ್ಯಾಯದಲ್ಲಿ 'ಭಾಷೆ' ಅಂತಿದೆ, ಕೊರಿಂಥದ ಪತ್ರದಲ್ಲಿ 'ವಾಣಿ'. ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದ ಪಂಚಾಶತ್ತಮ ಹಬ್ಬದ ದಿನ ಪಾರ್ಥಿಯರು, ಮೇದ್ಯರು, ಹೀಗೆ ಬೇರೆ ಬೇರೆ ದೇಶದವರೆಲ್ಲರೂ ತಮ್ಮ ತಮ್ಮ ಭಾಷೆಯನ್ನೇ ಕೇಳಿದರು. ನಮ್ಮ ಸಂತೆಯಲ್ಲಿ ಕನ್ನಡ, ಮಲಯಾಳ, ತಮಿಳು, ಕೊಡವ ತಕ್ಕ್ ಕೇಳುತ್ತದಲ್ವಾ, ಹಾಗೆ. ಕೊರಿಂಥದಲ್ಲಿ ಅರ್ಥ ಹೇಳುವವರು ಬೇಕಿತ್ತು. ನಾವು ಎರಡನ್ನೂ ಅನ್ಯಭಾಷೆ ಅಂದುಬಿಡುತ್ತೇವೆ.

ಅಮ್ಮ ಈಗಲೂ ಶುಕ್ರವಾರ ತಪ್ಪಿಸುವುದಿಲ್ಲ. ಕನ್ನಡದಲ್ಲೇ, ಗಟ್ಟಿಯಾಗಿ ಪ್ರಾರ್ಥಿಸುತ್ತಾರೆ. ತೋಟದ ಕೆಲಸಗಾರರ ಲೈನ್‌ಮನೆಯ ಅಕ್ಕನಿಗೂ ಇಂಥದ್ದೇ ಒಂದು ತರಬೇಕಂತೆ. ಈ ಸಲ ಜಿಪ್ ಇರುವ ಕವರನ್ನೂ ಜೊತೆಗೇ ತರುತ್ತೇನೆ.