ಎಣ್ಣೆಬಣ್ಣದ ಮೊದಲ ನಕಲು: ಹಲ್ದಣಕರ್ ದೀಪವೋ, ಲಾ ಟೂರ್ ಮೋಂಬತ್ತಿಯೋ?

ಮೈಸೂರಿನ ಜಗನ್ಮೋಹನ ಅರಮನೆಯ ದೀಪ ಹಿಡಿದ ಮಹಿಳೆಯ ಚಿತ್ರವನ್ನೇ ಮೊದಲು ನಕಲು ಮಾಡಬೇಕೆಂದು ಎಣ್ಣೆಬಣ್ಣ ಕಲಿಯುವ ನಮ್ಮಲ್ಲಿ ಹಲವರಿಗೆ ಆಸೆ. ಆದರೆ ಎಸ್.ಎಲ್. ಹಲ್ದಣಕರ್ ಅದನ್ನು ಬರೆದದ್ದು ಜಲವರ್ಣದಲ್ಲಿ! ಅಲ್ಲಿ ಬೆಳಕೆಂದರೆ ತೆಳು ಬಣ್ಣದಡಿಯ ಕಾಗದದ ಬಿಳುಪು. ಎಣ್ಣೆಬಣ್ಣದಲ್ಲಿ ಅದನ್ನು ನೀವೇ ಹೊಸದಾಗಿ ಕಟ್ಟಬೇಕು. ಸೀರೆಯ ನವಿರು ಛಾಯೆಗಳಂತೂ ಹೊಸಬರ ಕುಂಚದಲ್ಲಿ ಕೆಸರಾಗುತ್ತವೆ.

ಪ್ಯಾರಿಸ್‌ನ ಲೂವ್ರ್‌ ಮ್ಯೂಸಿಯಂನಲ್ಲಿರುವ ಫ್ರೆಂಚ್ ಕಲಾವಿದ ಜಾರ್ಜ್ ದ ಲಾ ಟೂರ್‌ನ ‘ಬಡಗಿ ಸಂತ ಜೋಸೆಫ್’ (ಸುಮಾರು 1642) ಮೂಲದಲ್ಲೇ ತೈಲವರ್ಣ. ದೀಪದ ಮಹಿಳೆಯ ಬೆರಳುಗಳಂತೆ ಇಲ್ಲೂ ಬಾಲ ಏಸುವಿನ ಬೆರಳುಗಳು ಮೋಂಬತ್ತಿಗೆ ಅಡ್ಡವಾಗಿ ಕೆಂಪಗೆ ಹೊಳೆಯುತ್ತವೆ. ಆಕಾರಗಳು ದೊಡ್ಡವು, ಹಿನ್ನೆಲೆ ಕಡುಗಂದು. ಕಡುಗಂದು ಬಣ್ಣದ ಬರ್ನ್ಟ್ ಅಂಬರ್‌ನಲ್ಲಿ ನೆರಳನ್ನು ತೆಳುವಾಗಿ ಹಚ್ಚಿ, ಒಣಗಿದ ಮೇಲೆ ಬೆಳಕಿಗೆ ಬಿಳಿ, ಮಣ್ಣು ಹಳದಿಯ ಯೆಲ್ಲೊ ಓಕರ್ ದಪ್ಪಗೆ ಇಡಿ. ನನ್ನ ಆಯ್ಕೆ ಇದೇ. ಒಂದೇ ಕೊರತೆ: ಮೈಸೂರಿನ ಚಿತ್ರವನ್ನು ಎದುರಿಗೇ ನೋಡಿ ಬರಬಹುದು, ಇದಕ್ಕೆ ಫೋಟೋನೇ ಗತಿ, ಅದರಲ್ಲಿ ನೆರಳೆಲ್ಲ ಒಂದೇ ಕಪ್ಪು.