ಹ್ಯಾಗಿಸ್ ಮಾಡುವವರಿಗೆ ಜತ್ತಿನ ಕುರಿ ಮಾಂಸದಂಗಡಿ

ಸ್ಕಾಟ್ಲೆಂಡಿನ ಹ್ಯಾಗಿಸ್‌ಗೆ ಕುರಿಯದೇ ಕಲೀಜ, ಗುಂಡಿಗೆ, ಪುಪ್ಪುಸ ಬೇಕು. ಇವನ್ನು ಕೊಚ್ಚಿ, ಓಟ್ಸ್ ಬೆರೆಸಿ, ಕುರಿಯ ಹೊಟ್ಟೆಚೀಲದಲ್ಲಿ ತುಂಬಿ ಬೇಯಿಸುವ ಅಡುಗೆ ಅದು. ಆಡಿನದು ಹಾಕಿದರೆ ಆ ನೆಣದ ರುಚಿ ಬರುವುದಿಲ್ಲ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ ಪೇಟೆಯ ಈ ಅಂಗಡಿಗೆ ಹೋಗಬೇಕಾದದ್ದು ಅದಕ್ಕೇ. ಮಾಡಗ್ಯಾಳ ತಳಿಯ ಕುರಿಯ ಸೀಮೆ ಇದು, ಕುರಿ ಕೇಳಿದರೆ ಕುರಿಯೇ ಕೊಡುತ್ತಾರೆ. ಹಿಂದಿನ ದಿನವೇ ಹೇಳಿಟ್ಟರೆ ಮೂರನ್ನೂ ಬಿಡಿಸದೆ ಒಂದೇ ಗೊಂಚಲಾಗಿ ತೆಗೆದಿಡುತ್ತಾರೆ.

ಉಸಿರುನಾಳ ಮಾತ್ರ ಕತ್ತರಿಸಬೇಡಿ ಎಂದು ಒತ್ತಿ ಹೇಳಬೇಕು. ಹೇಳದಿದ್ದರೆ ಬುಡಕ್ಕೇ ಕೊಯ್ದುಬಿಡುತ್ತಾರೆ. ಕುದಿಸುವಾಗ ಆ ನಾಳ ಪಾತ್ರೆಯ ಅಂಚಿನಿಂದ ಹೊರಗೆ ಇಳಿಬಿದ್ದಿರಬೇಕು, ಕೆಳಗೊಂದು ಬಟ್ಟಲಿರಬೇಕು. ಪುಪ್ಪುಸದ ನೊರೆ, ಲೋಳೆ ಎಲ್ಲ ಅದರೊಳಗಿಂದ ತೊಟ್ಟಿಕ್ಕುತ್ತದೆ. ನಾಳ ಗಿಡ್ಡವಾದರೆ ಅದೆಲ್ಲ ರಸಕ್ಕೇ ಸೇರುತ್ತದೆ, ಆ ರಸವೇ ಮುಂದೆ ಹೂರಣಕ್ಕೆ ಬೇಕಾದದ್ದು.

ಹೊಟ್ಟೆಚೀಲದ ವಿಷಯದಲ್ಲಿ ಅಂಗಡಿಯ ಕೆಲಸ ಸಾಲದು. ಸುಣ್ಣ ಹಚ್ಚಿ ಬೆಳ್ಳಗೆ ಕೆರೆಯುತ್ತಾರೆ, ಅದು ಸರಿ. ಆದರೆ ಬೋಟಿ ಪಲ್ಯಕ್ಕೆ ಸೀಳುವ ಹಾಗೆ ಉದ್ದಕ್ಕೂ ಸೀಳಿಬಿಡುತ್ತಾರೆ. ನಾಲ್ಕು ಬೆರಳು ಹಿಡಿಯುವಷ್ಟು ಬಾಯಿ ಸಾಕೆಂದು ಮೊದಲೇ ತೋರಿಸಿ. ಮನೆಗೆ ತಂದ ಮೇಲೆ ಒಳಮಗ್ಗಲು ಹೊರಗೆ ಮಾಡಿ, ಉಪ್ಪುನೀರಲ್ಲಿ ರಾತ್ರಿಯಿಡೀ ನೆನೆಸಿದರೆ ಸುಣ್ಣದ ವಾಸನೆ ಹೋಗುತ್ತದೆ. ಗುರ್ದಾ ಸುತ್ತಲಿನ ಗಟ್ಟಿ ಚರ್ಬಿ 150 ಗ್ರಾಂ ಬೇರೆ ಕೇಳಿ. ಬಾಲದ ಕಡೆಯ ಮೆತ್ತನೆಯ ಕೊಬ್ಬು ಬೇಗ ಕರಗಿ ಎಣ್ಣೆಯಾಗುತ್ತದೆ.

ಗೊಂಚಲನ್ನು ಎರಡು ತಾಸು ಸಣ್ಣ ಉರಿಯಲ್ಲಿ ಬೇಯಿಸಿ, ಆರಿಸಿ. ನಾಳ, ನರ ತೆಗೆದು ಗುಂಡಿಗೆ, ಪುಪ್ಪುಸ ಸಣ್ಣಗೆ ಕೊಚ್ಚಿ. ಕಲೀಜ ಅರ್ಧ ಮಾತ್ರ ತುರಿದು ಹಾಕಿ, ಪೂರ್ತಿ ಹಾಕಿದರೆ ಕಹಿ ಹೊಡೆಯುತ್ತದೆ. ಹುರಿದ ಓಟ್ಸ್ 250 ಗ್ರಾಂ, ಈರುಳ್ಳಿ ಮೂರು, ಮೆಣಸಿನ ಪುಡಿಯಲ್ಲ, ಕರಿಮೆಣಸಿನ ಪುಡಿ ಎರಡು ಚಮಚ, ಜಾಯಿಕಾಯಿ, ಜಾಪತ್ರೆ ಸೇರಿ ಅರ್ಧ ಚಮಚ, ಉಪ್ಪು, ಚರ್ಬಿ, ಸುಮಾರು 400 ಮಿ.ಲೀ. ರಸ. ಓಟ್ಸ್ ನುಚ್ಚಿನಂತೆ ಒಡೆದದ್ದಿರಬೇಕು. ಕಿರಾಣಿಯ ಚಪ್ಪಟೆ ಓಟ್ಸ್ ಅಂಬಲಿಯಾಗುತ್ತದೆ. ಸಿಗದಿದ್ದರೆ ಜೋಳದ ನುಚ್ಚು ನಡೆದೀತು, ಸ್ವಲ್ಪ ಉದುರುದುರಾಗುತ್ತದೆ, ಅಷ್ಟೇ.

ಚೀಲ ಮೂರರಲ್ಲಿ ಎರಡು ಪಾಲಷ್ಟೇ ತುಂಬಿ, ಗಾಳಿ ಒತ್ತಿ ತೆಗೆದು, ದಪ್ಪ ನೂಲಿಂದ ಹೊಲಿಯಿರಿ. ಓಟ್ಸ್ ಉಬ್ಬುತ್ತದೆ, ಜಾಗವಿಲ್ಲದಿದ್ದರೆ ಚೀಲ ಒಡೆಯುತ್ತದೆ. ಕುಕ್ಕರಿನಲ್ಲಿಡುವ ಆಸೆ ಬೇಡ. ಪಾತ್ರೆಯ ತಳಕ್ಕೆ ತಟ್ಟೆ ಹಾಕಿ, ನೀರು ಕುಣಿಯದಂತೆ ಮೂರು ತಾಸು ಬೇಯಿಸಿ. ಚೀಲ ಬಿಗಿಯುತ್ತಿದ್ದಂತೆ ಸೂಜಿಯಿಂದ ಎರಡು ಮೂರು ಕಡೆ ಚುಚ್ಚಿದರೆ ಸುಯ್ಯೆಂದು ಹಬೆ ಹೊರಡುತ್ತದೆ.

ಸ್ಕಾಟ್ಲೆಂಡಿನವರು ಕವಿ ರಾಬರ್ಟ್ ಬರ್ನ್ಸ್ ಹುಟ್ಟುಹಬ್ಬಕ್ಕೆ, ಜನವರಿ 25ರ ರಾತ್ರಿ, ಇದನ್ನು ತಟ್ಟೆಯ ಮೇಲಿಟ್ಟು ಎಲ್ಲರೆದುರು ಸೀಳುತ್ತಾರೆ. ಪಕ್ಕಕ್ಕೆ ಅರೆದ ಆಲೂಗಡ್ಡೆ, ಸ್ವೀಡ್ ಎಂಬ ಹಳದಿ ತಿರುಳಿನ ಗಡ್ಡೆಯ ಮುದ್ದೆ. ಆ ಗಡ್ಡೆ ಇಲ್ಲಿ ಸಿಗದು. ಎಳೆಯ ನವಲಕೋಲು ಬೇಯಿಸಿ, ಬೆಣ್ಣೆ ಹಾಕಿ ಅರೆದರೆ ಹೊಂದುತ್ತದೆ. ಉಳಿದದ್ದನ್ನು ಮರುದಿನ ದಪ್ಪ ಹೋಳು ಮಾಡಿ ತವೆಯ ಮೇಲೆ ಕೆಂಪಗೆ ಸುಟ್ಟು, ಬಿಸಿ ಜೋಳದ ರೊಟ್ಟಿಯ ಜೊತೆ ತಿನ್ನಿ.