ಬಣ್ಣ ಬಳಿದ ಹಳೆಯ ಸಿಲಿಂಡರ್ ಕೊಳ್ಳುವ ಮುನ್ನ

ಕಳೆದ ಜುಲೈ ತಿಂಗಳ ಒಂದು ಶನಿವಾರ ಮಧ್ಯಾಹ್ನ, ನ್ಯೂಜೆರ್ಸಿಯ ಎಡಿಸನ್‌ನಲ್ಲಿ ದಿನಸಿ ಅಂಗಡಿಯೊಂದರ ಮುಂದೆ ನಿಲ್ಲಿಸಿದ್ದ ನನ್ನ ಕಾರಿನ ಡಿಕ್ಕಿಯೊಳಗೆ, ಇಂಗಾಲದ ಡೈಆಕ್ಸೈಡ್ ತುಂಬಿದ್ದ ಹಳೆಯ ಸಿಲಿಂಡರಿನ ಸುರಕ್ಷತಾ ಬಿಲ್ಲೆ ಒಡೆಯಿತು. ನಾನೂ ನನ್ನ ಹೆಂಡತಿಯೂ ಆಗಷ್ಟೇ ಚೀಲ ಹಿಡಿದು ಹೊರಬಂದು, ಕೊತ್ತಂಬರಿ ಸೊಪ್ಪು ಮರೆತದ್ದು ಯಾರೆಂದು ಬಾಗಿಲಲ್ಲೇ ವಾದಿಸುತ್ತಿದ್ದೆವು. ಪಟಾಕಿ ಸಿಡಿದಂಥ ಸದ್ದಾಯಿತು. ಅದರ ಬೆನ್ನಿಗೇ ಪ್ರೆಶರ್ ಕುಕ್ಕರಿನ ಸೀಟಿಯನ್ನು ಹತ್ತು ಪಟ್ಟು ಹೆಚ್ಚಿಸಿದಂಥ ಸುಯ್ಯೆಂಬ ಶಬ್ದ ಶುರುವಾಯಿತು. "ರೀ, ನಮ್ಮ ಕಾರೇ ಅದು" ಎಂದು ಅವಳು ಹೇಳುವಷ್ಟರಲ್ಲಿ ಹಿಂದಿನ ಗಾಜು ಒಳಗಿನಿಂದ ಬೆಳ್ಳಗಾಗಿತ್ತು. ಅದು ಹತ್ತು ನಿಮಿಷ ತಡವಾಗಿ ಒಡೆದಿದ್ದರೆ ನಾವಿಬ್ಬರೂ ಕಿಟಕಿ ಮುಚ್ಚಿ, ಎಸಿ ಹಾಕಿಕೊಂಡು ಹೆದ್ದಾರಿಯಲ್ಲಿರುತ್ತಿದ್ದೆವು. ಮನೆಯಲ್ಲಿ ಬಿಯರ್ ತಯಾರಿಸುವ ಹವ್ಯಾಸವಿರುವ ನಮ್ಮವರು ಈಗ ಇಲ್ಲಿ ಸಾಕಷ್ಟು ಜನರಿರುವುದರಿಂದ, ನಾನು ಮಾಡಿದ ತಪ್ಪುಗಳನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ.

ಅಮೆರಿಕದಲ್ಲಿ ಈ ಹವ್ಯಾಸಕ್ಕೆ ಕಾನೂನಿನ ಅಡ್ಡಿ ಇಲ್ಲ. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಶಾಸನದ ಪ್ರಕಾರ, ಇಬ್ಬರು ವಯಸ್ಕರಿರುವ ಮನೆಯವರು ಸ್ವಂತ ಬಳಕೆಗೆಂದು ವರ್ಷಕ್ಕೆ 200 ಗ್ಯಾಲನ್‌ವರೆಗೆ ಬಿಯರ್ ತಯಾರಿಸಿಕೊಳ್ಳಬಹುದು. ಮೊದಮೊದಲು ಎಲ್ಲರೂ ಬಾಟಲಿಗಳಲ್ಲಿ ತುಂಬುತ್ತಾರೆ. ಬಾಟಲಿ ತೊಳೆದು ಬೇಸತ್ತ ಮೇಲೆ, ಬಿಯರ್ ತುಂಬಿಡುವ ಲೋಹದ ಪೀಪಾಯಿಯಾದ ಕೆಗ್‌ಗೆ ಬರುತ್ತಾರೆ. ಕೆಗ್‌ ಎಂದ ಮೇಲೆ ಬಿಯರಿಗೆ ಗುಳ್ಳೆ ತುಂಬಲು ಮತ್ತು ಅದನ್ನು ನಲ್ಲಿಯವರೆಗೆ ತಳ್ಳಲು ಅನಿಲದ ಸಿಲಿಂಡರ್ ಬೇಕು. ಕೆಗ್‌ಗೆ ಬೇಕಾಗುವ ಒತ್ತಡ 10-12 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಮಾತ್ರ, ಕಾರಿನ ಟೈರಿಗಿಂತಲೂ ಕಡಿಮೆ. ಆದರೆ ಅದೇ ಅನಿಲ ಸಿಲಿಂಡರಿನೊಳಗೆ ದ್ರವರೂಪದಲ್ಲಿದ್ದು, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 830 ಪಿಎಸ್‌ಐ ಒತ್ತಡದಲ್ಲಿರುತ್ತದೆ. ನಡುವೆ ಒತ್ತಡ ತಗ್ಗಿಸುವ ರೆಗ್ಯುಲೇಟರ್ ಕೂತು ನಮಗೆ ಸಾಧು ಮುಖವನ್ನಷ್ಟೇ ತೋರಿಸುವುದರಿಂದ, ಹಿಂದಿರುವ ಪ್ರಾಣಿ ಎಂಥದ್ದೆಂಬುದು ಮರೆತುಹೋಗುತ್ತದೆ. ನನಗೂ ಮರೆತಿತ್ತು.

ಹೊಸದಕ್ಕೆ ನೂರು ಡಾಲರ್ ಹತ್ತಿರ ಕೊಡಬೇಕಲ್ಲ ಎಂದು ಹಿಂದೆಮುಂದೆ ನೋಡುತ್ತಿದ್ದಾಗ, ಪಕ್ಕದ ಊರಿನಲ್ಲಿ ಮನೆಯವರು ಹಳೆಯ ಸಾಮಾನು ಮಾರುವ ಒಂದು ಗರಾಜ್ ಸೇಲ್‌ನಲ್ಲಿ ಐದು ಪೌಂಡು ಅನಿಲ ಹಿಡಿಸುವ ಉಕ್ಕಿನ ಸಿಲಿಂಡರ್ 25 ಡಾಲರಿಗೆ ಸಿಕ್ಕಿತು. ಹಸಿರು ಬಣ್ಣ ಹೊಸದಾಗಿ ಹೊಳೆಯುತ್ತಿತ್ತು. ಮಾರಿದ ಹಿರಿಯರು ತಾವೂ ಹಿಂದೆ ಬಿಯರ್ ಮಾಡುತ್ತಿದ್ದುದಾಗಿ ಹೇಳಿದರು. ಆ ಬಣ್ಣವನ್ನು ಕಂಡು ನಾನು ಸಂತೋಷಪಟ್ಟೆನೇ ಹೊರತು, ಅದನ್ನೇಕೆ ಬಳಿದಿದ್ದಾರೆಂದು ಕೇಳಲಿಲ್ಲ.

ಸಿಲಿಂಡರಿನ ಕುತ್ತಿಗೆಯ ಕೆಳಗಿನ ಇಳಿಜಾರಿನಲ್ಲಿ ಅದರ ಜಾತಕವನ್ನೇ ಕೆತ್ತಿರುತ್ತಾರೆ. ಇಲ್ಲಿನ ಸಾರಿಗೆ ಇಲಾಖೆಯ ನಮೂನೆಯ ಸಂಖ್ಯೆ ಮತ್ತು ಕೆಲಸದ ಒತ್ತಡ (ಬಳಕೆಗೆ ನಿಗದಿಯಾದ ಒತ್ತಡ), ಉದಾಹರಣೆಗೆ ಡಿಒಟಿ-3ಎಎ1800 ಎಂಬುದು ಮೊದಲು. ಬಳಿಕ ಕ್ರಮಸಂಖ್ಯೆ, ಬರಿದಾದಾಗಿನ ತೂಕ, ಮತ್ತು ನೀರಿನ ಒತ್ತಡ ಪರೀಕ್ಷೆ ನಡೆದ ತಿಂಗಳು-ವರ್ಷ. ಈ ಅನಿಲದ ಸಿಲಿಂಡರುಗಳಿಗೆ ಐದು ವರ್ಷಕ್ಕೊಮ್ಮೆ ಆ ಪರೀಕ್ಷೆ ಆಗಲೇಬೇಕು. ಅವಧಿ ಮೀರಿದ್ದನ್ನು ಮತ್ತೆ ತುಂಬುವಂತಿಲ್ಲ. ನಾನು ಮೊದಲು ಹೋದ ವೆಲ್ಡಿಂಗ್ ಅನಿಲದ ಅಂಗಡಿಯಾತ ಟಾರ್ಚ್ ಹಿಡಿದು ಕುತ್ತಿಗೆ ನೋಡಿ, ಬಣ್ಣದಡಿಯಲ್ಲಿ ದಿನಾಂಕ ಕಾಣುತ್ತಿಲ್ಲವೆಂದು ಸಿಲಿಂಡರನ್ನು ನನ್ನತ್ತಲೇ ದೂಡಿದ. ತನ್ನ ಸಿಲಿಂಡರ್ ಮಾರುವ ಉಪಾಯವಿದು ಎಂದು ಭಾವಿಸಿದೆ. ಇಡೀ ಪ್ರಕರಣದಲ್ಲಿ ನನ್ನ ಹಿತ ಬಯಸಿದವನು ಅವನೊಬ್ಬನೇ.

ಎರಡನೆಯ ಅಂಗಡಿ ಚಿಕ್ಕದು. ಅಲ್ಲಿ ಯಾರೂ ಏನನ್ನೂ ಕೇಳಲಿಲ್ಲ. ತುಂಬಿ ಕೊಟ್ಟಾತ "ಸ್ವಲ್ಪ ಹೆಚ್ಚೇ ಹಾಕಿದ್ದೇನೆ" ಎಂದು ನಕ್ಕ. ನಮ್ಮೂರ ಸಂತೆಯಲ್ಲಿ ಹಸಿಮೆಣಸಿನಕಾಯಿಗೆ ಕೊಸರು ಸಿಕ್ಕ ಹಾಗೆ ನನಗೂ ಖುಷಿಯಾಯಿತು. ಆದರೆ ಇಂಗಾಲದ ಡೈಆಕ್ಸೈಡಿನಲ್ಲಿ ಕೊಸರಿಗೆ ಜಾಗವಿಲ್ಲ. ಸಿಲಿಂಡರ್ ಹಿಡಿಸುವ ನೀರಿನ ತೂಕದ ಸುಮಾರು 68 ಶೇಕಡಾದಷ್ಟು ಅನಿಲವನ್ನು ಮಾತ್ರ, ಅದೂ ತಕ್ಕಡಿಯಲ್ಲಿಟ್ಟು ತೂಗಿ ತುಂಬಬೇಕು. ಉಳಿದ ಜಾಗ ದ್ರವ ಹಿಗ್ಗುವುದಕ್ಕೆ. ಒತ್ತಡದ ಮುಳ್ಳನ್ನು ನೋಡಿ ಎಷ್ಟು ತುಂಬಿದೆ ಎಂದು ತಿಳಿಯಲಾಗದು, ಏಕೆಂದರೆ ಒಳಗೆ ದ್ರವ ಉಳಿದಿರುವಷ್ಟು ಕಾಲ ಮುಳ್ಳು ತಾಪಮಾನವನ್ನೇ ಹೇಳುತ್ತಿರುತ್ತದೆ. 31 ಡಿಗ್ರಿ ದಾಟಿದರೆ ದ್ರವ-ಅನಿಲ ಎಂಬ ಭೇದವೇ ಅಳಿಸಿಹೋಗಿ, ಅಲ್ಲಿಂದ ಮುಂದೆ ಒತ್ತಡ ಭರದಿಂದ ಏರುತ್ತದೆ. ಜುಲೈ ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ 50 ಡಿಗ್ರಿ ಆಗುವುದು ದೊಡ್ಡ ಮಾತಲ್ಲ. ಸರಿಯಾಗಿ ತುಂಬಿದ್ದರೆ ಆಗಲೂ ಸಿಲಿಂಡರ್ ತಡೆದುಕೊಳ್ಳುತ್ತಿತ್ತು. ಕೊಸರು ಸೇರಿದ್ದರಿಂದ ಒತ್ತಡ ಮಿತಿ ದಾಟಿತು. ಬರ್ಸ್ಟ್ ಡಿಸ್ಕ್ ಎಂದು ಕರೆಯುವ ತೆಳು ಲೋಹದ ಬಿಲ್ಲೆ ವಾಲ್ವಿನ ಪಕ್ಕದಲ್ಲಿ ಇರುವುದು ಇದಕ್ಕೇ. 3,000 ಪಿಎಸ್‌ಐ ಆಸುಪಾಸಿನಲ್ಲಿ ಅದು ತಾನೇ ಒಡೆದು, ಸಿಲಿಂಡರ್ ಸಿಡಿಯದಂತೆ ಕಾಯುತ್ತದೆ. ಸೋರುತ್ತಿದೆಯೆಂದು ಆ ಬಿಲ್ಲೆಯ ಜಾಗಕ್ಕೆ ಬೋಲ್ಟ್ ಬಿಗಿಯುವ ಜಾಣರೂ ಇದ್ದಾರೆ. ನನ್ನ ಸಿಲಿಂಡರ್ ಅಂಥವರ ಕೈಯಿಂದ ಬಂದಿದ್ದರೆ ಈ ಬರಹ ಇರುತ್ತಿರಲಿಲ್ಲ.

ಇನ್ನು ಉಸಿರಿನ ಲೆಕ್ಕ. ಐದು ಪೌಂಡು ದ್ರವ ಪೂರ್ತಿ ಅನಿಲವಾದರೆ 1,200 ಲೀಟರಿಗೂ ಮಿಗುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಎಂಟಡಿ ಎತ್ತರದ ಮುಚ್ಚಿದ ಕೋಣೆಯಲ್ಲಿ ಅದಷ್ಟೂ ಸೇರಿದರೆ ಗಾಳಿಯ 5 ಶೇಕಡಾದಷ್ಟಾಗುತ್ತದೆ. 4 ಶೇಕಡಾವನ್ನೇ ತಕ್ಷಣದ ಪ್ರಾಣಾಪಾಯದ ಮಟ್ಟವೆಂದು ಅಮೆರಿಕದ ಕಾರ್ಮಿಕ ಸುರಕ್ಷತೆಯ ಮಾನದಂಡಗಳು ಗುರುತಿಸಿವೆ. ಕಾರಿನೊಳಗಿನ ಗಾಳಿಯಂತೂ ಕೋಣೆಯ ಗಾಳಿಯ ಒಂದು ಸಣ್ಣ ಪಾಲು. 10 ಶೇಕಡಾದಲ್ಲಿ ಕೆಲವೇ ನಿಮಿಷಗಳಲ್ಲಿ ಎಚ್ಚರ ತಪ್ಪುತ್ತದೆ. ಈ ಅನಿಲಕ್ಕೆ ವಾಸನೆಯಿಲ್ಲ, ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ್ದರಿಂದ ತಗ್ಗಿನಲ್ಲೇ ನಿಲ್ಲುತ್ತದೆ, ಮತ್ತು ನಾವೆಲ್ಲ ಕೆಗ್ ಇಡುವುದು ನೆಲಮಾಳಿಗೆಯಲ್ಲೇ.

ಆ ದಿನ ಕಾರಿನ ನಾಲ್ಕೂ ಬಾಗಿಲು ತೆರೆದಿಟ್ಟು ದೂರ ನಿಂತು, ಅರ್ಧ ಗಂಟೆಯ ನಂತರ ಡಿಕ್ಕಿ ನೋಡಿದರೆ ಅಲ್ಲಿ ಹೆಪ್ಪುಗಟ್ಟಿದ ಅನಿಲದ ಬಿಳಿಯ ಹಿಮದ ಪುಡಿ ಇನ್ನೂ ಉಳಿದಿತ್ತು. ಅದರ ಕಾರಣದ ಒಂದು ಎಳೆ ನನಗೆ ಸಿಕ್ಕಿದ್ದು ಮುಂದಿನ ವಾರ, ಬರಿದಾದ ಸಿಲಿಂಡರನ್ನು ಪರೀಕ್ಷಾ ಕೇಂದ್ರಕ್ಕೆ ಒಯ್ದಾಗ. ವಾಲ್ವ್ ಬಿಚ್ಚಿದಾಗ ಅದರ ಜೊತೆಗೆ ತಳದವರೆಗೆ ಇಳಿದಿದ್ದ ಉದ್ದನೆಯ ಕೊಳವೆಯೊಂದು ಹೊರಬಂತು. ಅನಿಲವನ್ನಲ್ಲದೆ ದ್ರವವನ್ನೇ ಮೇಲೆತ್ತಿ ಕೊಡುವ ಜಾತಿಯ ಸಿಲಿಂಡರ್ ಅದು. ಅದನ್ನು ಸೂಚಿಸುವ ಗುರುತೂ ಹಸಿರು ಬಣ್ಣದಡಿ ಹೂತಿತ್ತು. ಮನೆಗೆ ತಂದು ಜೋಡಿಸಿದ್ದರೆ ದ್ರವವು ನೇರ ರೆಗ್ಯುಲೇಟರಿಗೆ ನುಗ್ಗುತ್ತಿತ್ತು. ಬಳಿಕ ಪರೀಕ್ಷಕ ಸಿಲಿಂಡರನ್ನು ತಲೆಕೆಳಗು ಮಾಡಿದ. ಕಂದು ಬಣ್ಣದ ನೀರು ಒಂದು ಲೋಟದಷ್ಟು ಸುರಿಯಿತು, ಹುಳಿಹೆಂಡದ ವಾಸನೆಯೊಂದಿಗೆ. ಯಾವುದೋ ಕಾಲದಲ್ಲಿ ಸಿಲಿಂಡರ್ ಬರಿದಾಗಿದ್ದಾಗ ಕೆಗ್‌ನ ಬಿಯರ್ ಹಿಮ್ಮುಖವಾಗಿ ಹರಿದು ಒಳಹೊಕ್ಕಿತ್ತು. ಈ ಅನಿಲ ನೀರಿನೊಂದಿಗೆ ಸೇರಿದರೆ ಆಮ್ಲವಾಗಿ ಉಕ್ಕನ್ನು ಒಳಗಿನಿಂದ ತಿನ್ನುತ್ತದೆ. ಸಣ್ಣ ದೀಪ ಇಳಿಸಿ ತೋರಿಸಿದಾಗ ತಳವೆಲ್ಲ ಸಿಡುಬಿನ ಕಲೆಗಳಂತೆ ಗುಳಿಬಿದ್ದಿತ್ತು. ಬಣ್ಣ ಕೆರೆದಾಗ ಕಂಡ ಕೊನೆಯ ಪರೀಕ್ಷೆಯ ವರ್ಷ 1991. ನೀರಿನ ಒತ್ತಡದ ಪರೀಕ್ಷೆಗೂ ಇದು ಯೋಗ್ಯವಲ್ಲವೆಂದು ಹೇಳಿ, ನಮೂನೆಯ ಸಂಖ್ಯೆಯ ಮೇಲೆ ಸಾಲಾಗಿ ಗುಣಿಸು ಚಿಹ್ನೆಗಳನ್ನು ಹೊಡೆದು ಅದನ್ನು ಅನರ್ಹಗೊಳಿಸಿದ.

ಈ ಕಥೆ ಕೇಳಿದ ಊರಿನ ಗೆಳೆಯನೊಬ್ಬ, ಹಾಗಾದರೆ ಹಳೆಯ ಅಡುಗೆ ಅನಿಲದ ಸಿಲಿಂಡರ್ ಆಗಬಹುದೇ ಎಂದು ಕೇಳಿದ. ಅದು ಇನ್ನೂ ಕೆಟ್ಟದು. ಇಲ್ಲಿನ ಪ್ರೊಪೇನ್ ಸಿಲಿಂಡರಿನ ಕೆಲಸದ ಒತ್ತಡ 240 ಪಿಎಸ್‌ಐ. ಮನೆಯ ತಾಪಮಾನದಲ್ಲೇ 830 ಆಗುವುದನ್ನು ಅದಕ್ಕೆ ತುಂಬುವುದೆಂದರೆ ಬಾಂಬು ಕಟ್ಟಿದಂತೆಯೇ. ಬಿಯರ್ ತುಂಬುವ ಪಾತ್ರೆಯಾಗಿಯೂ ಅದು ಬೇಡ, ಸೋರಿಕೆ ತಿಳಿಯಲೆಂದು ಬೆರೆಸುವ ಗಂಧಕದ ವಾಸನೆ ಲೋಹದಿಂದ ಬಿಡುವುದಿಲ್ಲ. ಕರ್ನಾಟಕದಲ್ಲಂತೂ ಪರವಾನಗಿಯಿಲ್ಲದೆ ಬಿಯರ್ ತಯಾರಿಸುವುದೇ 1965ರ ಅಬಕಾರಿ ಕಾಯ್ದೆಯಡಿ ಅಪರಾಧವಾದ್ದರಿಂದ, ಅವನಿಗೆ ಅಷ್ಟೇ ಹೇಳಿ ಮಾತು ಮುಗಿಸಿದೆ. ಆಮೇಲೆ ನೆನಪಾಯಿತು: ನಮ್ಮೂರಿನ ಗೋಲಿಸೋಡಾ ಅಂಗಡಿಯವರು ಇದೇ ಅನಿಲದ ಸಿಲಿಂಡರನ್ನು ಗೋಡೆಗೆ ಸರಪಳಿಯಿಂದ ಬಿಗಿದು, ಬೇಸಿಗೆಯಲ್ಲಿ ಒದ್ದೆ ಗೋಣಿಚೀಲ ಹೊದಿಸುತ್ತಿದ್ದರು. ಚಿಕ್ಕವನಿದ್ದಾಗ ಅದನ್ನು ನೋಡಿ ನಕ್ಕಿದ್ದೆ.

ಈಗ ನಾನು ಸ್ವಂತ ಸಿಲಿಂಡರ್ ಇಟ್ಟುಕೊಳ್ಳದೆ, ಬರಿದಾದದ್ದನ್ನು ಕೊಟ್ಟು ಪರೀಕ್ಷೆಯಾದ ತುಂಬಿದ ಸಿಲಿಂಡರ್ ತರುವ ಪದ್ಧತಿಗೆ ಬಂದಿದ್ದೇನೆ; ಕೊಟ್ಟದ್ದು ಆ ಮೊದಲ ಅಂಗಡಿಯಾತನೇ. ತರುವಾಗ ನೆಟ್ಟಗೆ ಕಟ್ಟಿ, ಕಿಟಕಿ ತೆರೆದು, ದಾರಿಯಲ್ಲಿ ಎಲ್ಲಿಯೂ ನಿಲ್ಲದೆ ಬರುತ್ತೇನೆ. ಕೆಗ್‌ನ ಅನಿಲದ ಕೊಳವೆಗೆ ಹಿಮ್ಮುಖ ಹರಿವು ತಡೆಯುವ ಕವಾಟ ಹಾಕಿಸಿದ್ದೇನೆ, ನೆಲಮಾಳಿಗೆಯ ಗೋಡೆಯಲ್ಲಿ ಮೊಣಕಾಲಿನ ಎತ್ತರಕ್ಕೆ ಇಂಗಾಲದ ಡೈಆಕ್ಸೈಡ್ ಎಚ್ಚರಿಕೆ ಗಂಟೆಯಿದೆ. ಹೊಗೆಯ ಗಂಟೆಯೂ ಕಾರ್ಬನ್ ಮಾನಾಕ್ಸೈಡಿನ ಗಂಟೆಯೂ ಇದನ್ನು ಗುರುತಿಸುವುದಿಲ್ಲ.

ಮಾರಿದ ಹಿರಿಯರ ಮನೆಗೆ ಹೋಗಿ ನಡೆದದ್ದನ್ನು ತಿಳಿಸಿದೆ. ಅವರು ನಿಜವಾಗಿ ನೊಂದುಕೊಂಡು, ಹಣ ವಾಪಸು ಕೊಡಲು ಬಂದರು. ಅಂಥದ್ದೇ ಮೂರು ಸಿಲಿಂಡರುಗಳಿಗೆ ಒಂದೇ ದಿನ ಬಣ್ಣ ಬಳಿದಿದ್ದರಂತೆ. ಒಂದು ಅವರ ಶೆಡ್ಡಿನಲ್ಲಿತ್ತು, ಅದನ್ನು ಪರೀಕ್ಷಾ ಕೇಂದ್ರಕ್ಕೆ ಒಪ್ಪಿಸಿದೆವು. ಇನ್ನೊಂದನ್ನು ನಾನು ಕೊಂಡ ದಿನವೇ ಬೆಳಿಗ್ಗೆ ಒಬ್ಬ ಯುವಕ ಕೊಂಡುಹೋಗಿದ್ದಾನೆ. ನಗದು ಕೊಟ್ಟನಂತೆ, ಹೆಸರು ಕೇಳಿಲ್ಲ, ಭಾರತದವನಂತೆ ಕಂಡನಂತೆ. ಮಧ್ಯ ನ್ಯೂಜೆರ್ಸಿಯಲ್ಲಿ ನಿಮ್ಮ ಪೈಕಿ ಯಾರ ಬಳಿಯಾದರೂ ಕಡುಹಸಿರು ಬಣ್ಣದ ಐದು ಪೌಂಡಿನ ಉಕ್ಕಿನ ಸಿಲಿಂಡರ್ ಇದ್ದರೆ, ಅದನ್ನು ತುಂಬಿಸಲು ಒಯ್ಯಬೇಡಿ; ಈಗಾಗಲೇ ತುಂಬಿಸಿದ್ದರೆ ಕಾರಿನಲ್ಲಿಟ್ಟುಕೊಂಡು ಎಲ್ಲಿಗೂ ಹೊರಡಬೇಡಿ, ನೆಲಮಾಳಿಗೆಯಲ್ಲೂ ಇಡಬೇಡಿ, ಹೊರಗೆ ನೆರಳಿನಲ್ಲಿ ನಿಲ್ಲಿಸಿ ಪರೀಕ್ಷಾ ಕೇಂದ್ರಕ್ಕೆ ಫೋನ್ ಮಾಡಿ.